ಮನಸ್ಸಿನ ಡಾಕ್ಟರಿಗೆ ಎಲ್ಲಾ ಹೇಳಬಹುದಾ?

ಹೋದ ಸಂಚಿಕೆಯಲ್ಲಿ ನಿದ್ದೆ ಮಾತ್ರೆಗಳ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಾತ್ರೆ ಬಗ್ಗೆ ಇರಲೇ ಇಲ್ಲ, ಡಾಕ್ಟರ ಬಗ್ಗೆ ಇದ್ದವು. ಅವರನ್ನು ನಂಬಬಹುದಾ, ಎಷ್ಟು ಹೇಳಬೇಕು, ಅವರು ಹೀಗೆ ಮಾಡಿದ್ದು ಸರಿಯಾ ಅಂತ. ಈ ಸಲ ಆ ಪತ್ರಗಳನ್ನೇ ತೆಗೆದುಕೊಂಡಿದ್ದೇನೆ. ಬರೆದವರ ಗುರುತು ಸಿಗಬಾರದು ಅಂತ ಊರು, ವಯಸ್ಸು, ಕೆಲಸ ಬದಲಾಯಿಸಿದ್ದೇನೆ. ನನ್ನ ಹತ್ತಿರ ಬರುವವರ ವಿಷಯ ಬಂದ ಕಡೆಯೂ ಅಷ್ಟೇ.

ಪ್ರಶ್ನೆ: ನನಗೆ 34 ವರ್ಷ, ಪ್ರೈಮರಿ ಶಾಲೆ ಟೀಚರ್. ಎಂಟು ತಿಂಗಳಿಂದ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಪ್ರತಿ ಸಲವೂ ನನ್ನ ಯಜಮಾನರು ಜೊತೆಗೆ ಬಂದು ಪಕ್ಕದ ಕುರ್ಚಿಯಲ್ಲೇ ಕೂರುತ್ತಾರೆ. ಮನೆಯ ವಿಷಯ ಒಂದೂ ಬಾಯಿಗೆ ಬರುವುದಿಲ್ಲ. ಹೋದ ವಾರ ಧೈರ್ಯ ಮಾಡಿ ಡಾಕ್ಟರಿಗೆ ಫೋನಿನಲ್ಲಿ ಎಲ್ಲಾ ಹೇಳಿಬಿಟ್ಟೆ. ಈಗ ಅವರು ಯಜಮಾನರಿಗೆ ಹೇಳಿಬಿಟ್ಟರೆ ಅನ್ನೋ ಭಯಕ್ಕೆ ನಿದ್ದೆ ಬರುತ್ತಿಲ್ಲ.
— ಹೆಸರು ಬೇಡ, ತಿಪಟೂರು

ಉತ್ತರ: ಮೊದಲು ನಿಮ್ಮ ನಿದ್ದೆ ಕೆಡಿಸಿದ ಮಾತಿಗೆ ಬರುತ್ತೇನೆ. ಅವರು ಹೇಳುವ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಸೆಕ್ಷನ್ ಇದಕ್ಕೆಂದೇ ಇದೆ. ನಿಮ್ಮ ಕಾಯಿಲೆ, ನಿಮ್ಮ ಚಿಕಿತ್ಸೆ, ನೀವು ಬಿಚ್ಚಿಟ್ಟ ಮಾತು ಎಲ್ಲವನ್ನೂ ಡಾಕ್ಟರು ಗುಟ್ಟಾಗಿ ಇಟ್ಟುಕೊಳ್ಳಬೇಕು. ಗಂಡ ಅನ್ನೋ ಒಂದೇ ಕಾರಣಕ್ಕೆ ಯಾರಿಗೂ ಅದನ್ನು ಕೇಳುವ ಹಕ್ಕು ಬರುವುದಿಲ್ಲ. ಫೀಸು ಕೊಡುವವರು ಅವರೇ ಆಗಿದ್ದರೂ ಬರುವುದಿಲ್ಲ.

ಡಾಕ್ಟರು ಬಾಯಿ ಬಿಡಬಹುದಾದ ಸಂದರ್ಭಗಳೂ ಇವೆ, ಅದನ್ನೂ ನಿಮಗೆ ಹೇಳಿಬಿಡುತ್ತೇನೆ. ನಿಮ್ಮ ಜೀವಕ್ಕೆ ಅಪಾಯ ಇದೆ, ಇಲ್ಲಾ ನಿಮ್ಮಿಂದ ಇನ್ನೊಬ್ಬರಿಗೆ ಅಪಾಯ ಇದೆ ಅಂತ ಗೊತ್ತಾದರೆ ಅದನ್ನು ತಪ್ಪಿಸಲು ಬೇಕಾದಷ್ಟು ಹೇಳಬಹುದು. ಕೋರ್ಟು ಆದೇಶ ಮಾಡಿದರೆ ಹೇಳಬೇಕಾಗುತ್ತದೆ. ನಿಮ್ಮನ್ನು ನೋಡುತ್ತಿರುವ ಬೇರೆ ಡಾಕ್ಟರಿಗೆ ಚಿಕಿತ್ಸೆಗಾಗಿ ತಿಳಿಸಬಹುದು. ಅಲ್ಲೂ ಬೇಕಾದಷ್ಟು ಮಾತ್ರ. ಅತ್ತೆ ಏನಂದರು, ಸಂಬಳದ ದುಡ್ಡು ಯಾರ ಕೈಗೆ ಹೋಗುತ್ತದೆ ಅನ್ನುವುದೆಲ್ಲ ಇದರಲ್ಲಿ ಬರುವುದಿಲ್ಲ.

ಕಾಯ್ದೆ ಹೀಗಿದ್ದರೂ ಡಾಕ್ಟರು ತಪ್ಪು ಮಾಡುವುದಿಲ್ಲ ಅಂತಲ್ಲ. ನಾನೇ ಮಾಡಿದ್ದೇನೆ. ಪ್ರಾಕ್ಟೀಸ್ ಶುರು ಮಾಡಿದ ಎರಡನೇ ವರ್ಷ ಅದು. ಒಬ್ಬ ಸೊಸೆ ನನ್ನ ಹತ್ತಿರ ಬರುತ್ತಿದ್ದಳು. ಒಂದು ದಿನ ಅವಳ ಅತ್ತೆ ಬಾಗಿಲ ಹತ್ತಿರ ನಿಂತು, "ನಮ್ಮ ಹುಡುಗಿ ಹುಷಾರಾಗ್ತಾಳಾ ಡಾಕ್ಟ್ರೇ?" ಅಂತ ಕೇಳಿದರು. ಕಣ್ಣಲ್ಲಿ ನೀರಿತ್ತು. ನನಗೂ ಕರುಳು ಚುರ್ ಅಂತು. "ತವರಿಗೆ ಹೋಗಿ ಇದ್ದುಬಿಡೋಣ ಅನ್ನೋ ಯೋಚನೆಯಲ್ಲಿದ್ದಾಳೆ, ಸ್ವಲ್ಪ ಸಮಾಧಾನವಾಗಿ ನೋಡಿಕೊಳ್ಳಿ" ಅಂದೆ. ಒಳ್ಳೇದಕ್ಕೇ ಹೇಳಿದೆ ಅಂದುಕೊಂಡೆ. ಅವಳು ಮತ್ತೆ ಬರಲಿಲ್ಲ. ಫೈಲಿನಲ್ಲಿ ಮುಂದಿನ ಭೇಟಿಯ ತಾರೀಕನ್ನು ನಾನೇ ಬರೆದಿದ್ದೆ. ಅದರ ಕೆಳಗೆ ಪೂರ್ತಿ ಖಾಲಿ ಹಾಳೆ. ಆ ಫೈಲನ್ನು ಇವತ್ತಿಗೂ ಬೇರೆ ಫೈಲುಗಳ ಜೊತೆ ಕಟ್ಟಿ ಮೇಲಿಡಲು ಆಗಿಲ್ಲ. ಬೀರುವಿನ ಕೆಳಗಿನ ಖಾನೆಯಲ್ಲೇ ಇದೆ.

ಹಾಗಂತ ಮನೆಯವರು ಬರುವುದೇ ತಪ್ಪು ಅನ್ನಲಾರೆ. ನಮ್ಮ ದೇಶದಲ್ಲಿ ಮನಸ್ಸಿನ ಕಾಯಿಲೆಯವರನ್ನು ಕಾಪಾಡಿಕೊಂಡು ಬಂದಿರುವವರೇ ಮನೆಯವರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂತ ಇದ್ದರು. ರೋಗಿಗಳ ಮನೆಯವರಿಗೆ ಆಸ್ಪತ್ರೆ ಆವರಣದಲ್ಲೇ ಟೆಂಟ್ ಹಾಕಿಸಿ, ಜೊತೆಯಲ್ಲೇ ಉಳಿಸಿಕೊಂಡು ಚಿಕಿತ್ಸೆ ಕೊಟ್ಟರು. ಬಂದವರು ಕಾಯಿಲೆ ಅಂದರೆ ಏನು ಅಂತ ಅಲ್ಲೇ ಕಲಿತರು. ಅಲ್ಲಿಂದ ಮುಂದೆ ಮನೆಯವರನ್ನು ಜೊತೆಗೆ ಇಟ್ಟುಕೊಳ್ಳುವುದು ನಮ್ಮ ಪದ್ಧತಿಯೇ ಆಯಿತು. ನಿಮ್ಹಾನ್ಸ್‌ನಲ್ಲೂ ಅದು ಇದೆ. ಪಕ್ಕದ ಕುರ್ಚಿಯಲ್ಲಿ ಗಂಡ ಇರಲಿ. ಪೂರ್ತಿ ಹೊತ್ತು ಇರಬೇಕಾಗಿಲ್ಲ, ಅಷ್ಟೇ.

ಇದನ್ನು ನೀವು ಗಂಡನಿಗೆ ಹೇಳುವ ಅಗತ್ಯವೇ ಇಲ್ಲ, ಡಾಕ್ಟರು ಹೇಳಬೇಕು. ಭೇಟಿಯ ಹಿಂದಿನ ದಿನ ಕ್ಲಿನಿಕ್ಕಿಗೆ ಫೋನ್ ಮಾಡಿ. "ನಾಳೆ ಮೊದಲ ಹತ್ತು ನಿಮಿಷ ನನ್ನೊಬ್ಬಳ ಜೊತೆ ಮಾತಾಡಿ, ನಾನು ಕೇಳಿಕೊಂಡೆ ಅಂತ ಹೇಳಬೇಡಿ" ಅನ್ನಿ. ಫೋನಿನಲ್ಲಿ ಹೇಳಿದ್ದು ತಮ್ಮಲ್ಲೇ ಇರಲಿ ಅಂತಲೂ ಬಾಯಿ ಬಿಟ್ಟು ಹೇಳಿ. ನನ್ನ ಕ್ಲಿನಿಕ್ಕಿನಲ್ಲಿ ಇದು ಎಲ್ಲರಿಗೂ ಒಂದೇ ನಿಯಮ. ಕಾಲೇಜು ಹುಡುಗನ ಅಪ್ಪನಿಗೂ ಅದೇ, ಎಪ್ಪತ್ತು ವರ್ಷದ ಅಜ್ಜಿಯ ಮಗನಿಗೂ ಅದೇ. "ಸರ್, ಒಂದ್ಹತ್ತು ನಿಮಿಷ ಹೊರಗೆ ಕೂತಿರ್ತೀರಾ? ಆಮೇಲೆ ನಿಮ್ಮನ್ನೂ ಕರೀತೀನಿ" ಅನ್ನುತ್ತೇನೆ. ಎಲ್ಲರಿಗೂ ಹೇಳುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಇನ್ನೊಂದು ವಿಷಯ. ಮುಂದೆ ಯಾವಾಗಾದರೂ ನಿಮಗೇ ತೀರ್ಮಾನ ತೆಗೆದುಕೊಳ್ಳಲು ಆಗದಷ್ಟು ಕಷ್ಟ ಬಂದರೆ ನಿಮ್ಮ ಪರವಾಗಿ ಯಾರು ಮಾತಾಡಬೇಕು ಅಂತ ನೀವೇ ಈಗಲೇ ಆರಿಸಿಡಬಹುದು. ಅದೇ ಕಾಯ್ದೆಯ 14ನೇ ಸೆಕ್ಷನ್ನಿನಲ್ಲಿದೆ. ಛಾಪಾ ಕಾಗದ ಬೇಡ. ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಸಾಕು, ಹೆಬ್ಬೆಟ್ಟಾದರೂ ಆಗುತ್ತದೆ. ಅದು ಗಂಡನೇ ಆಗಬೇಕಿಲ್ಲ. ಅಕ್ಕ ಆಗಬಹುದು, ಶಾಲೆಯ ಗೆಳತಿಯೂ ಆಗಬಹುದು. ಅವರು ಒಪ್ಪಿಗೆಯನ್ನು ಬರೆದು ಕೊಟ್ಟಿರಬೇಕು.

ಪ್ರಶ್ನೆ: ವಯಸ್ಸು 29. ಗಾಬರಿ ಕಾಯಿಲೆಗೆ ಎಸ್ಸಿಟಲೋಪ್ರಾಮ್ ತೆಗೆದುಕೊಳ್ಳುತ್ತಿದ್ದೆ. ಮದುವೆಯಾಗಿ ಐದು ತಿಂಗಳು. ಮಾತ್ರೆಯಿಂದ ದಾಂಪತ್ಯದಲ್ಲಿ ತೊಂದರೆ ಆಯಿತು. ಡಾಕ್ಟರು ಹೆಂಗಸು, ಅವರ ಮುಂದೆ ಹೇಗೆ ಹೇಳೋದು? ನಾನೇ ನಿಲ್ಲಿಸಿಬಿಟ್ಟೆ. ಅವರು ಕೇಳಿದಾಗ ತೆಗೆದುಕೊಳ್ತಿದ್ದೀನಿ ಅಂತ ಸುಳ್ಳು ಹೇಳಿದೆ. ಈಗ ತಲೆ ಸುತ್ತು, ತಲೆಯೊಳಗೆ ಶಾಕ್ ಹೊಡೆದ ಹಾಗೆ ಆಗುತ್ತಿದೆ.
— ಓದುಗ, ದಾವಣಗೆರೆ

ಉತ್ತರ: ನಿಮ್ಮ ತಲೆಸುತ್ತು, ಶಾಕ್ ಹೊಡೆದ ಹಾಗೆ ಆಗುವುದು ಈ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದಾಗ ಬರುವ ತೊಂದರೆ ಇರಬಹುದು. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ನಿಮಗೆ ನೀವೇ ಮತ್ತೆ ಶುರು ಮಾಡಬೇಡಿ.

ಇನ್ನು ನಾಚಿಕೆ ವಿಷಯ. ಎಸ್ಸಿಟಲೋಪ್ರಾಮ್ ಗುಂಪಿನ ಮಾತ್ರೆಗಳಲ್ಲಿ ಆಸೆ ಕಡಿಮೆಯಾಗುವುದು, ವೀರ್ಯ ಬರುವುದು ತಡವಾಗುವುದು ತುಂಬಾ ಸಾಮಾನ್ಯ. ಹೆಣ್ಣುಮಕ್ಕಳಿಗೂ ಆಗುತ್ತದೆ. ಮಾತ್ರೆ ಬರೆದುಕೊಟ್ಟ ದಿನವೇ ನಾವು ಇದನ್ನು ಹೇಳಿರಬೇಕಿತ್ತು. ನೀವು ಮುಚ್ಚಿಟ್ಟಿದ್ದಕ್ಕೆ ಅರ್ಧ ಕಾರಣ ಆ ಡಾಕ್ಟರು ಕೇಳದೇ ಇದ್ದದ್ದು. ಇದಕ್ಕೆ ದಾರಿಗಳಿವೆ. ಡೋಸ್ ಇಳಿಸಬಹುದು, ಈ ತೊಂದರೆ ಕಡಿಮೆ ಇರುವ ಬೇರೆ ಮಾತ್ರೆಗೆ ಬದಲಾಯಿಸಬಹುದು. ಆದರೆ ನೀವು ತೆಗೆದುಕೊಳ್ಳುತ್ತಿದ್ದೀರಿ ಅಂತ ನಂಬಿಕೊಂಡು ಅವರು "ಗಾಬರಿ ಕಡಿಮೆ ಆಗಿಲ್ಲ, ಡೋಸ್ ಜಾಸ್ತಿ ಮಾಡೋಣ" ಅಂದರೆ? ನನ್ನ ಹೆದರಿಕೆ ಅದೇ.

ಬಾಯಲ್ಲಿ ಹೇಳಲು ಆಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ನನ್ನ ಟೇಬಲ್ಲಿಗೆ ಎಷ್ಟೋ ಚೀಟಿ ಬಂದಿವೆ. ಬಸ್ ಟಿಕೆಟ್ಟಿನ ಹಿಂದೆ ಬರೆದದ್ದೂ ಬಂದಿದೆ. ಚೀಟಿ ಕೊಟ್ಟು ತಲೆ ತಗ್ಗಿಸಿ ಕೂರುತ್ತಾರೆ. ನಾನು ಓದಿ, "ಇದು ಮಾತ್ರೆಯ ಕೆಲಸ, ನಿಮ್ಮದಲ್ಲ" ಅಂದಾಗ ಅವರ ಹೆಗಲು ಇಳಿಯುವುದನ್ನು ನೋಡಬೇಕು. ನಿಮ್ಮ ಡಾಕ್ಟರು ಬೈದರೆ, ಮುಖ ಸಿಂಡರಿಸಿದರೆ, ಅದು ಅವರ ಕೊರತೆ. ಆಗ ಬೇರೆಯವರನ್ನು ನೋಡಬಹುದು. ನಿಮ್ಮ ದಾಖಲೆ ಕೇಳಿ ಪಡೆಯುವ ಹಕ್ಕು ನಿಮಗಿದೆ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಡತೆಯ 2002ರ ನಿಯಮಗಳಲ್ಲೇ ಇದೆ.

ಪ್ರಶ್ನೆ: ನಾನು ಪಿಜಿಯಲ್ಲಿದ್ದು ಕೆಲಸ ಮಾಡುತ್ತಿದ್ದೇನೆ. ಅಪ್ಪ ಇಲ್ಲ. ಒಂದು ವರ್ಷದಿಂದ ಒಬ್ಬ ಹಿರಿಯ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ. ನನ್ನ ಮಾತನ್ನು ಅವರ ಹಾಗೆ ಯಾರೂ ಕೇಳಿಲ್ಲ. ದಿನಾ ರಾತ್ರಿ ಅವರಿಗೆ ಮೆಸೇಜ್ ಮಾಡಬೇಕು ಅನ್ನಿಸುತ್ತದೆ. ಹೋದ ತಿಂಗಳು ಮಾಡಿಬಿಟ್ಟೆ. ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಮಾರನೇ ದಿನ ರಿಸೆಪ್ಷನ್‌ನಿಂದ ಫೋನ್ ಬಂತು, ಬೇಕಾದರೆ ಬೇಗ ಅಪಾಯಿಂಟ್‌ಮೆಂಟ್ ತಗೊಳ್ಳಿ ಅಂತ. ತುಂಬಾ ಅವಮಾನ ಆಯಿತು. ನಾನು ಅವರಿಗೆ ಬರೀ ಒಂದು ಫೈಲಾ?
— ಒಬ್ಬಳು, ಬೆಂಗಳೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. "ನೀಲಿ ಗೆರೆ ಬಂತು" ಅನ್ನುವಲ್ಲಿ ನೀವು ಆ ರಾತ್ರಿ ಫೋನ್ ಹಿಡಿದುಕೊಂಡು ಎಷ್ಟು ಹೊತ್ತು ಕೂತಿರಬೇಕು ಅಂತ ಅನ್ನಿಸಿತು.

ನಿಮಗೆ ಆಗಿರುವುದರಲ್ಲಿ ವಿಚಿತ್ರ ಏನೂ ಇಲ್ಲ. ಯಾರ ಮುಂದೆ ಮನಸ್ಸು ಬಿಚ್ಚುತ್ತೇವೋ ಅವರ ಮೇಲೆ ಹಳೆಯ ಆಸೆ, ಹಳೆಯ ಸಿಟ್ಟು, ಸಿಗದೇ ಹೋದ ಪ್ರೀತಿ ಎಲ್ಲ ಹೋಗಿ ಕೂರುತ್ತದೆ. ಮನೋವಿಶ್ಲೇಷಣೆ ಶುರು ಮಾಡಿದ ಡಾಕ್ಟರು ಫ್ರಾಯ್ಡ್ ನೂರು ವರ್ಷಕ್ಕೂ ಹಿಂದೆಯೇ ಇದನ್ನು ಗುರುತಿಸಿ ಬರೆದಿದ್ದ. ನಮಗೆ ಓದುವಾಗ ಇದನ್ನು ಪಾಠದ ಹಾಗೆ ಕಲಿಸುತ್ತಾರೆ. ನಿಮಗೆ ಯಾರೂ ಹೇಳಿಕೊಟ್ಟಿರುವುದಿಲ್ಲ, ಹಾಗಾಗಿ ನನಗೇನೋ ಆಗಿಹೋಗಿದೆ ಅಂತ ಹೆದರುತ್ತೀರಿ.

ನಿಮ್ಮ ಡಾಕ್ಟರು ಮಾಡಿದ್ದನ್ನು ಇನ್ನೊಂದು ಸಲ ನೋಡಿ. ಮೆಸೇಜನ್ನು ಓದಿದರು, ಮರೆಯಲಿಲ್ಲ. ರಾತ್ರಿ ಹೊತ್ತು ಉತ್ತರ ಕೊಟ್ಟು ನಿಮ್ಮ ಆಸೆ ಬೆಳೆಸಲಿಲ್ಲ. ಬೆಳಗ್ಗೆ ಬಾಗಿಲು ತೆರೆದಿಟ್ಟರು. ನನಗೆ ಇದು ಸರಿ ಅನ್ನಿಸುತ್ತದೆ. ಅವರು ಒಂದು ತಪ್ಪು ಮಾಡಿದ್ದಾರೆ. ಮೆಸೇಜ್ ಯಾವುದಕ್ಕೆ ಮಾಡಬಹುದು, ಯಾವಾಗ ನೋಡುತ್ತಾರೆ, ತೀರಾ ಕಷ್ಟ ಆದಾಗ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಮೊದಲ ದಿನವೇ ನಿಮಗೆ ಹೇಳಬೇಕಿತ್ತು. ಹೇಳಿದ್ದರೆ ಆ ರಾತ್ರಿ ಅಷ್ಟು ಉದ್ದ ಆಗುತ್ತಿರಲಿಲ್ಲ.

ಮುಂದಿನ ಸಲ ಹೋದಾಗ ಈ ಅವಮಾನದ ವಿಷಯವನ್ನೇ ತೆಗೆಯಿರಿ. "ಸರ್, ನೀವು ಉತ್ತರ ಕೊಡದೇ ಇದ್ದಾಗ ನನಗೆ ಅಪ್ಪ ಹೋದ ದಿನ ಆದ ಹಾಗೇ ಆಯಿತು" ಅಂತ ಹೇಳಿ ನೋಡಿ. ನಿಮ್ಮ ಪತ್ರದಲ್ಲಿ ಅಪ್ಪ ಇಲ್ಲ ಅನ್ನುವುದನ್ನು ಎರಡೇ ಮಾತಲ್ಲಿ ಬರೆದು ಮುಂದೆ ಹೋಗಿದ್ದೀರಿ. ಮಾತಾಡಬೇಕಾದದ್ದು ಅಲ್ಲೇ ಇರಬಹುದು.

ಮತ್ತೆ ಅಂಥ ರಾತ್ರಿ ಬಂದು ಬದುಕೇ ಬೇಡ ಅನ್ನಿಸಿದರೆ ನೀಲಿ ಗೆರೆಗೆ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನನ್ನ ಮಗ ಹುಷಾರಾಗಿ ಕೆಲಸಕ್ಕೆ ಸೇರಿದ. ಡಾಕ್ಟರಮ್ಮನಿಗೆ ಏನಾದರೂ ಕೊಡಬೇಕು ಅಂತ ಆಸೆ. ಬೆಳ್ಳಿ ದೀಪ ಕೊಡೋಣ ಅಂದರೆ ಬೇಡ ಅಂತಾರೆ. ಬೇಜಾರಾಯಿತು.
— ಒಬ್ಬ ತಾಯಿ, ಅರಸೀಕೆರೆ

ಉತ್ತರ: ಬೆಳ್ಳಿ ಬೇಡಮ್ಮ. ಅದನ್ನು ತೆಗೆದುಕೊಂಡ ಮೇಲೆ ನಾಳೆ ನಿಮ್ಮ ಮಗನಿಗೆ ಕಹಿ ಮಾತು ಹೇಳಬೇಕಾದಾಗ ನಮ್ಮ ನಾಲಿಗೆ ತಡೆಯುತ್ತದೆ. ಅದಕ್ಕೇ ಬೇಡ ಅಂದಿರುತ್ತಾರೆ, ನಿಮ್ಮ ಮೇಲೆ ಬೇಜಾರಿಂದ ಅಲ್ಲ. ತೋಟದ ನಾಲ್ಕು ತೆಂಗಿನಕಾಯಿ ತೆಗೆದುಕೊಂಡು ಹೋಗಿ. ನಾನಾದರೆ ತೆಗೆದುಕೊಂಡು ಸಿಸ್ಟರ್‌ಗೊಂದು, ಆಯಾಗೊಂದು ಕೊಡುತ್ತೇನೆ. ಮಗನ ಮೊದಲ ಸಂಬಳದ ಸುದ್ದಿಯನ್ನು ಅವನ ಬಾಯಿಂದಲೇ ಹೇಳಿಸಿ.

ಪ್ರಶ್ನೆ: ವಿಚ್ಛೇದನ ಆಗಿ ಎರಡು ವರ್ಷ. ನನ್ನ ಮನೋವೈದ್ಯರು ಮೊದಮೊದಲು ತುಂಬಾ ಚೆನ್ನಾಗಿ ನೋಡುತ್ತಿದ್ದರು. ಆಮೇಲೆ ನನ್ನ ಅಪಾಯಿಂಟ್‌ಮೆಂಟನ್ನು ರಾತ್ರಿ ಎಲ್ಲರೂ ಹೋದ ಮೇಲೆ ಕೊಡಲು ಶುರು ಮಾಡಿದರು. ಫೀಸು ಬೇಡ ಅಂದರು. ತಮ್ಮ ಹೆಂಡತಿಯ ಬಗ್ಗೆ ಹೇಳಿಕೊಂಡು ಅತ್ತರು. ಹೊರಗೆ ಕಾಫಿಗೆ ಕರೆದರು, ಹೋದೆ. ಹೋದ ವಾರ ತಬ್ಬಿಕೊಂಡರು. ಯಾರಿಗೂ ಹೇಳಬೇಡ ಅಂದಿದ್ದಾರೆ. ನಾನೂ ಬೇಡ ಅನ್ನಲಿಲ್ಲ. ನನ್ನದೂ ತಪ್ಪಿದೆ ಅಲ್ವಾ?
— ಹೆಸರು, ಊರು ಬೇಡ

ಉತ್ತರ: ಇಲ್ಲ. ನಿಮ್ಮ ತಪ್ಪು ಒಂದಿಷ್ಟೂ ಇಲ್ಲ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತಿದೆ, ಅದನ್ನು ಮುಚ್ಚಿಡುವುದಿಲ್ಲ.

ನೀವು ಬೇಡ ಅನ್ನಲಿಲ್ಲ ಅನ್ನುತ್ತೀರಿ. ಹೇಗೆ ಅನ್ನುತ್ತೀರಿ? ನಿಮ್ಮ ಒಂಟಿತನ ಎಲ್ಲಿ ನೋಯುತ್ತದೆ ಅಂತ ಅವರಿಗೆ ಗೊತ್ತು, ನೀವೇ ಹೇಳಿದ್ದೀರಿ. ನಿಮ್ಮ ಮಾತ್ರೆ ಅವರ ಕೈಯಲ್ಲಿದೆ. ಅವರ ಬಗ್ಗೆ ನಿಮಗೆ ಗೊತ್ತಿರುವುದು ಅವರು ಆರಿಸಿ ತೋರಿಸಿದ್ದು ಮಾತ್ರ. ಹೀಗಿರುವಾಗ ರೋಗಿಯ ಒಪ್ಪಿಗೆಗೆ ಅರ್ಥ ಇಲ್ಲ ಅಂತ ನಮ್ಮ ವೃತ್ತಿ ಒಪ್ಪಿಕೊಂಡಿದೆ. ಹಳೇ ಗ್ರೀಕ್ ವೈದ್ಯ ಹಿಪ್ಪೊಕ್ರೇಟಿಸನ ಹೆಸರಿನ ವೈದ್ಯರ ಪ್ರತಿಜ್ಞೆಗೆ ಎರಡು ಸಾವಿರ ವರ್ಷ ಮೀರಿದೆ. ರೋಗಿಯ ಗುಟ್ಟು ಕಾಯುತ್ತೇನೆ ಅನ್ನುವುದೂ, ಚಿಕಿತ್ಸೆಗೆ ಹೋದ ಮನೆಯ ಯಾರ ಮೈಯನ್ನೂ ಆಸೆಯಿಂದ ಮುಟ್ಟುವುದಿಲ್ಲ ಅನ್ನುವುದೂ ಅದರಲ್ಲೇ ಇದೆ. ನೀವೇ ಬಯಸಿ ಹತ್ತಿರ ಹೋಗಿದ್ದರೂ ತಡೆಯಬೇಕಾದವರು ಅವರು. ಮೇಲಿನ ಪತ್ರದ ಹುಡುಗಿಯ ಡಾಕ್ಟರನ್ನೂ ಇವರನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಇದು ಒಂದೇ ದಿನ ಆಗುವುದಿಲ್ಲ. ಹೊತ್ತು ಬದಲಾಗುತ್ತದೆ, ಫೀಸು ಬಿಡುತ್ತಾರೆ, ತಮ್ಮ ಮನೆ ಕಷ್ಟ ಹೇಳುತ್ತಾರೆ, ಕೋಣೆಯಿಂದ ಹೊರಗೆ ಕರೆಯುತ್ತಾರೆ, ಕೊನೆಗೆ ಯಾರಿಗೂ ಹೇಳಬೇಡ ಅನ್ನುತ್ತಾರೆ. ನೀವು ಬರೆದ ಸಾಲಿನಲ್ಲೇ ಇವೆಲ್ಲ ಒಂದರ ಹಿಂದೆ ಒಂದು ಇವೆ. ಬೇರೆ ಓದುಗರೂ ಇದನ್ನು ಗಮನಿಸಲಿ. ಒಬ್ಬ ಬಡವರ ಫೀಸು ಬಿಡುವುದು ಬೇರೆ. ಫೀಸು ಬಿಟ್ಟು, ಹೊತ್ತು ಬದಲಿಸಿ, ಗುಟ್ಟಾಗಿರಲಿ ಅಂದರೆ ಅದು ಬೇರೆ.

ಈಗ ಏನು ಮಾಡಬೇಕು? ಆ ಕ್ಲಿನಿಕ್ಕಿಗೆ ಇನ್ನು ಒಬ್ಬರೇ ಹೋಗಬೇಡಿ, ಹೋಗಲೇ ಬೇಡಿ ಅನ್ನುವುದೇ ಒಳ್ಳೇದು. ಆದರೆ ಮಾತ್ರೆ ನಿಲ್ಲಿಸಬೇಡಿ. ನಿಮ್ಮ ಕೈಯಲ್ಲಿರುವ ಮಾತ್ರೆ ಚೀಟಿ ತೆಗೆದುಕೊಂಡು ಈ ವಾರವೇ ಬೇರೆ ಮನೋವೈದ್ಯರ ಹತ್ತಿರ ಹೋಗಿ. ಜಿಲ್ಲಾ ಆಸ್ಪತ್ರೆಯಲ್ಲಿ ಇರುತ್ತಾರೆ. ಯಾಕೆ ಬದಲಾಯಿಸಿದಿರಿ ಅಂತ ಮೊದಲ ದಿನವೇ ಹೇಳಬೇಕಾಗಿಲ್ಲ. ಅವರು ಕಳಿಸಿದ ಮೆಸೇಜ್ ಯಾವುದನ್ನೂ ಅಳಿಸಬೇಡಿ. ತಾರೀಕು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ನೆನಪು ಹಸಿ ಇರುವಾಗಲೇ. ನೀವು ನಂಬುವ ಒಬ್ಬರಿಗೆ ಹೇಳಿ. "ಯಾರಿಗೂ ಹೇಳಬೇಡ" ಅನ್ನುವ ಮಾತನ್ನು ನೀವು ಕೇಳಬೇಕಾಗಿಲ್ಲ.

ದೂರು ಕೊಡುವುದು ನಿಮ್ಮ ತೀರ್ಮಾನ. ಕೊಡಲೇಬೇಕು ಅಂತ ನಾನು ಒತ್ತಾಯ ಮಾಡುವುದಿಲ್ಲ, ಆರು ತಿಂಗಳು ಬಿಟ್ಟು ಗಟ್ಟಿಯಾದ ಮೇಲೂ ಕೊಡಬಹುದು. ವೈದ್ಯರ ನಡತೆಯ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಹೋಗುತ್ತದೆ. ತಪ್ಪು ಸಾಬೀತಾದರೆ ವೈದ್ಯರ ಹೆಸರನ್ನು ನೋಂದಣಿಯಿಂದ ತೆಗೆಯುವ ಅಧಿಕಾರ ಅದಕ್ಕಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಮುಟ್ಟಿದ್ದರೆ ಪೊಲೀಸರಿಗೂ ದೂರು ಕೊಡಬಹುದು. ಆಸ್ಪತ್ರೆಯ ಸಿಬ್ಬಂದಿ ತಮ್ಮ ಸ್ಥಾನ ಬಳಸಿಕೊಂಡು ಅಲ್ಲಿನ ಹೆಣ್ಣುಮಕ್ಕಳನ್ನು ಒಲಿಸಿಕೊಂಡು ಲೈಂಗಿಕ ಸಂಪರ್ಕ ಮಾಡಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 68ನೇ ಕಲಮಿನಲ್ಲಿ ಅಪರಾಧವೇ. ಅವಳೂ ಒಪ್ಪಿದ್ದಳು ಅಂದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಇನ್ನೂ ಒಂದು ಮಾತು, ಎಲ್ಲರಿಗೂ. ಮನೋವೈದ್ಯರು ಅಂದರೆ ಎಂಬಿಬಿಎಸ್ ಮುಗಿಸಿ ಆಮೇಲೆ ಮನೋವೈದ್ಯಶಾಸ್ತ್ರ ಓದಿದವರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಕೌನ್ಸೆಲಿಂಗ್ ಅಂತ ಬೋರ್ಡ್ ಹಾಕಿದವರೆಲ್ಲ ಇವರಲ್ಲ. ಮೊದಲ ಸಲ ಹೋದಾಗ "ನಿಮ್ಮ ನೋಂದಣಿ ಎಲ್ಲಿದೆ?" ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಸರಿಯಾಗಿರುವವರಿಗೆ ಈ ಪ್ರಶ್ನೆ ನೋಯುವುದಿಲ್ಲ.

ಪ್ರಶ್ನೆ: ಮೊನ್ನೆ ನೆಂಟರ ಮದುವೆಯಲ್ಲಿ ನಮ್ಮ ಡಾಕ್ಟರು ಎದುರಿಗೇ ಸಿಕ್ಕರು. ನಾನು ನಗುವ ಹೊತ್ತಿಗೆ ಅವರು ಗುರುತೇ ಇಲ್ಲದವರ ಹಾಗೆ ಊಟದ ಹಾಲಿಗೆ ಹೋಗಿಬಿಟ್ಟರು. ಮೂರು ವರ್ಷದಿಂದ ಅವರ ಹತ್ತಿರ ಹೋಗುತ್ತಿದ್ದೇನೆ. ಹುಚ್ಚರ ಜೊತೆ ಯಾಕೆ ಮಾತು ಅಂತಲಾ?
— ಚನ್ನರಾಯಪಟ್ಟಣದ ಓದುಗ

ಉತ್ತರ: ನೋವಾಗಿರುತ್ತದೆ, ಗೊತ್ತು. ಆದರೆ ಅವರು ನಿಮ್ಮನ್ನು ಖಂಡಿತ ಗುರುತಿಸಿದ್ದಾರೆ ಅಂತ ನನ್ನ ಲೆಕ್ಕ.

ನಾನು ಹಾಸನದವಳು. ಹಾಸನಾಂಬೆ ದರ್ಶನದ ಸಾಲಿನಲ್ಲಿ ಗಂಟೆಗಟ್ಟಲೆ ನಿಂತಾಗ ಹಿಂದೆ ಮುಂದೆ ನನ್ನ ಹತ್ತಿರ ಬರುವವರು ಯಾರಾದರೂ ಇದ್ದೇ ಇರುತ್ತಾರೆ. ನಾನಾಗಿ ನಮಸ್ಕಾರ ಅಂದೆ ಅಂದುಕೊಳ್ಳಿ. ಪಕ್ಕದಲ್ಲಿರುವ ನಾದಿನಿ "ಯಾರೇ ಅವರು?" ಅಂತಾಳೆ. ಅವರು ಏನು ಹೇಳಬೇಕು? ಅಲ್ಲೇ ಸುಳ್ಳು ಹೇಳಬೇಕು, ಇಲ್ಲಾ ಇಷ್ಟು ದಿನ ಬಚ್ಚಿಟ್ಟದ್ದನ್ನು ಹೇಳಬೇಕು. ಅದಕ್ಕೆ ಹೊಸಬರು ಬಂದ ಮೊದಲ ದಿನವೇ ಹೇಳಿಬಿಡುತ್ತೇನೆ. "ಹೊರಗೆ ಸಿಕ್ಕರೆ ನಾನಾಗಿ ಮಾತಾಡಿಸಲ್ಲ. ನೀವು ಮಾತಾಡಿಸಿದರೆ ಖುಷಿಯಿಂದ ಮಾತಾಡ್ತೀನಿ. ಮಾತ್ರೆ ವಿಷಯ ಮಾತ್ರ ಅಲ್ಲಿ ಬೇಡ." ಒಬ್ಬರು ಹೋದ ವರ್ಷ ಆ ಸಾಲಿನಲ್ಲೇ ನನ್ನನ್ನು ಹೆಂಡತಿಗೆ ತೋರಿಸಿ, "ನಮ್ಮ ಮನಸ್ಸಿನ ಡಾಕ್ಟ್ರು ಇವ್ರೇ" ಅಂದರು, ಗಟ್ಟಿಯಾಗಿ. ಇನ್ನೊಬ್ಬರು ಎರಡು ಮಾರು ದೂರದಲ್ಲಿ ನಿಂತು ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದರು. ನಾನೂ ಬೇರೆ ಕಡೆ ನೋಡಿದೆ.

ನಿಮ್ಮ ಡಾಕ್ಟರು ಇದನ್ನು ಮೊದಲೇ ಹೇಳಿರಲಿಲ್ಲ ಅನ್ನಿಸುತ್ತದೆ. ಮುಂದಿನ ಭೇಟಿಯಲ್ಲಿ, "ಮದುವೆ ಮನೆಯಲ್ಲಿ ನೀವು ಮಾತಾಡಿಸಲಿಲ್ಲ, ನನಗೆ ಬೇಜಾರಾಯಿತು" ಅಂತ ನೇರವಾಗಿ ಹೇಳಿ. ಆವತ್ತು ನಿಮ್ಮ ಪಕ್ಕದಲ್ಲಿ ಯಾರು ನಿಂತಿದ್ದರು ಅಂತ ಅವರು ಕೇಳಬಹುದು. ಭಾವನೋ ಬೀಗರೋ ಗೊತ್ತಾಗದೆ ಹಾಗೆ ಹೋಗಿರುತ್ತಾರೆ. ನಿಮಗೆ ಹೊರಗೆ ಮಾತಾಡಿಸಿದರೆ ಪರವಾಗಿಲ್ಲ ಅಂತಿದ್ದರೆ ಅದನ್ನೂ ತಿಳಿಸಿ. ಅವರು ಫೈಲಿನ ಮೊದಲ ಪುಟದಲ್ಲೇ ಬರೆದುಕೊಳ್ಳಲಿ.